ಲ್ಯಾಪ್‌ಟಾಪಿಗೆ ಶಾಲು ಹೊದಿಸಿದ ಸಂಘ

ಒಂದು ಒಗಟು ಹೇಳ್ತೇನೆ, ಬಿಡಿಸಿ ನೋಡುವ. ಪ್ರತಿ ಆದಿತ್ಯವಾರ ಬರ್ತದೆ, ಚಾ ಕುಡಿಯುವುದಿಲ್ಲ. ಎದುರಿಗೇ ಕೂರ್ತದೆ, ಮುಟ್ಟಲಿಕ್ಕೆ ಆಗುವುದಿಲ್ಲ. ಎಲ್ಲರೂ ನಗಾಡುವಾಗ ಗೋಡೆ ನೋಡ್ತದೆ. ಎಂತ?

ತಲೆ ಕೆರೆಯಬೇಡಿ, ಗೊತ್ತಾಗಲಿಕ್ಕಿಲ್ಲ. ಅದು ಆಫ್ರಿಕದ ಮಲಾವಿ ದೇಶದ ಒಂದು ಹಳ್ಳಿಶಾಲೆಯ ಹುಡುಗ. ಅಲ್ಲಿ ಹಿಂದೆ ಕೆಲಸಕ್ಕಿದ್ದ ನಮ್ಮ ದೇರೆಬೈಲಿನ ನೆರೆಮನೆ ಮಾವ, ಊರಿಗೆ ಬಂದ ಮೇಲೆ ಆ ಶಾಲೆಗೆ ಸಹಾಯ ಮಾಡಲು ಸಂಘ ಕಟ್ಟಿದರು. ಸಂಬಳ ಯಾರಿಗೂ ಇಲ್ಲ, ಪದವಿ ಎಲ್ಲರಿಗೂ ಉಂಟು. ಹತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದ ನಾನು ‘ತಾಂತ್ರಿಕ ಮುಖ್ಯಸ್ಥ’. ಅಂದರೆ ಮಾವನ ಕಾರ್‌ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಇಟ್ಟು ಆ ಮಕ್ಕಳಿಗೆ ವೀಡಿಯೋ ಕಾಲ್ ಹಚ್ಚುವವ. ಅಮ್ಮ ತೀರಿಹೋದ ಮೇಲೆ ಆ ಹುಡುಗ ಒಮ್ಮೆಯೂ ನಗಾಡಿಲ್ಲ ಎಂದು ಅಲ್ಲಿನ ಮಾಷ್ಟ್ರು ಹೇಳಿದ್ದರು. ನಗಾಡಿಸಿಯೇ ಬಿಡ್ತೇನೆ ಎಂದು ನನ್ನ ಹಠ. ನಮ್ಮ ಸಂಘದಲ್ಲಿ ನಗೆಗೆ ಬರವಿರಲಿಲ್ಲ, ವಾರಕ್ಕೊಂದು ಆಗ್ತಾನೇ ಇತ್ತು.

ಶಾಲು

ಸನ್ಮಾನ ಇಲ್ಲದೆ ನಮ್ಮೂರಿನಲ್ಲಿ ಸಭೆ ಮುಗಿಯುವುದುಂಟಾ? ಆಚೆಯ ಮಾಷ್ಟ್ರಿಗೆ ಸನ್ಮಾನ ಆಗಲೇಬೇಕು ಎಂದರು ನಮ್ಮ ಅಧ್ಯಕ್ಷರು, ಹೋಟೆಲಿನ ಧಣಿ.

“ಅವರು ಮಲಾವಿಯಲ್ಲಿದ್ದಾರಲ್ಲ ಧಣಿ, ಶಾಲು ಎಲ್ಲಿಗೆ ಹೊದಿಸುವುದು?” ಎಂದೆ ನಾನು.

“ಮುಖ ಕಾಣ್ತದಲ್ಲಾ, ಅಲ್ಲಿಗೇ.”

ಲ್ಯಾಪ್‌ಟಾಪಿಗೆ ಶಾಲು ಹೊದಿಸಿದರು, ಎದುರು ಹಣ್ಣಿನ ಬುಟ್ಟಿ ಇಟ್ಟರು, ಚಪ್ಪಾಳೆ ತಟ್ಟಿದರು. ಶಾಲಿನೊಳಗಿಂದ ಮಾಷ್ಟ್ರ ಸ್ವರ ಇಂಗ್ಲಿಷಿನಲ್ಲಿ ಬಂತು: “ಅಯ್ಯೋ ಪಾಪ, ನಿಮ್ಮಲ್ಲಿಯೂ ಕರೆಂಟ್ ಹೋಗ್ತದಾ?”

ಹುಲಿ

ಬೈಕಂಪಾಡಿಯ ಗೋಡೌನಿನಲ್ಲಿ ಆ ಶಾಲೆಗೆ ಕಳಿಸುವ ಪುಸ್ತಕದ ಪೆಟ್ಟಿಗೆ ಕಟ್ಟುವಾಗ ಆ ಹುಡುಗನಿಗೆಂದು ಹುಲಿವೇಷದ ಮುಖವಾಡ ಒಂದನ್ನು ಗುಟ್ಟಾಗಿ ತುರುಕಿದೆ. ಹಡಗು, ಮತ್ತೆ ಲಾರಿ ಹತ್ತಿ ತಲುಪಲಿಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಆಫ್ರಿಕದಲ್ಲಿ ಹುಲಿಯೇ ಇಲ್ಲ ಎಂದು ನನಗೆ ಯಾರು ಹೇಳಿದ್ದಾರೆ? ಹುಡುಗ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟನಂತೆ. ಮಾಷ್ಟ್ರು ಮಾತ್ರ ಅಧ್ಯಕ್ಷರಿಗೆ ಕೈಮುಗಿದರು: “ನೀವು ಕಳಿಸಿದ ನಿಮ್ಮ ಮುಖವನ್ನು ಜೋಳದ ಗದ್ದೆಯಲ್ಲಿ ಕಟ್ಟಿದ್ದೇವೆ ಸರ್. ಮಂಗಗಳು ಈಗ ಹತ್ತಿರ ಸುಳಿಯುವುದಿಲ್ಲ.”

ಮಗ್ಗಿ

ಗಣಿತ ಹೇಳಿಕೊಡಲು ಅತ್ತಾವರದಿಂದ ಬರುವ ಮೆಡಿಕಲ್ ಹುಡುಗಿಗೆ ಒಂದು ವಾರ ಆಸ್ಪತ್ರೆ ಡ್ಯೂಟಿ ಬಿತ್ತು. “ಇವತ್ತು ನೀನೇ ಎಂತಾದರೂ ಹೇಳಿಕೊಡು” ಎಂದರು ಮಾವ. ನಾನು ಬೋರ್ಡಿನಲ್ಲಿ ಏಳೆಂಟ್ಲೆ ಐವತ್ನಾಲ್ಕು ಎಂದು ಬರೆದೆ. ಆ ಹುಡುಗ ಹಿಂದಿನ ಬೆಂಚಿನಿಂದ ಎದ್ದು ಮೊದಲ ಸಲ ಬಾಯಿ ಬಿಟ್ಟ: “ಐವತ್ತಾರು, ಸರ್.” ನನ್ನನ್ನು ಸರ್ ಎಂದವ ಜೀವಮಾನದಲ್ಲಿ ಅವನೊಬ್ಬನೇ. ಉಳಿದ ಮಕ್ಕಳು ಬಿದ್ದು ಬಿದ್ದು ನಗಾಡಿದರು, ಅವ ಗೋಡೆ ನೋಡಿದ. ಮಾವ ಹೇಳಿದರು, “ನೀನು ಹೋಗಿ ಅಲ್ಲಿ ಕೂತ್ಕೋ ಮಾರಾಯ. ಅವ ಇಲ್ಲಿಗೆ ಬರಲಿ.”

ಸಸ್ಪೆನ್ಸ್

ಅಷ್ಟರಲ್ಲಿ ಸುದ್ದಿ ಬಂತು. ಹುಡುಗನ ಚಿಕ್ಕಪ್ಪ ಅವನನ್ನು ಶಾಲೆ ಬಿಡಿಸಿ ದೂರದ ತಂಬಾಕಿನ ತೋಟಕ್ಕೆ ಕೆಲಸಕ್ಕೆ ಕರಕೊಂಡು ಹೋಗ್ತಾರೆ, ಸೋಮವಾರ ಬೆಳಿಗ್ಗೆ ಲಾರಿ. ಅವ ಶಾಲೆಯಲ್ಲೇ ಉಳಿಯಲಿ, ಹಾಸ್ಟೆಲ್ ಖರ್ಚು ನಮ್ಮದು ಎಂದು ಸಂಘ ತೀರ್ಮಾನ ಮಾಡಿತು.

“ಈಗಲೇ ಫೋನ್ ಮಾಡಿ ಹೇಳುವ” ಎಂದರು ಮಾವ.

“ಛೆ! ಆದಿತ್ಯವಾರ ಚಿಕ್ಕಪ್ಪನನ್ನೂ ಕೂರಿಸಲಿ. ನನ್ನ ಭಾಷಣದ ಕೊನೆಗೆ ಘೋಷಣೆ. ಅಲ್ಲಿಯವರೆಗೆ ಸಸ್ಪೆನ್ಸ್” ಎಂದರು ಅಧ್ಯಕ್ಷರು.

ಚಿಕ್ಕಪ್ಪ ಬಂದು ಕೂತರು. ಆಚೆ ಇದ್ದದ್ದು ಸೋಲಾರ್ ಬ್ಯಾಟರಿ, ಮೇಲೆ ಮೋಡ. ಈಚೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ. ಗಾಳಿಗೆ ದೀಪ ಆರಿತು, ಪುನಃ ಬೆಳಗಿದರು. “ಬ್ಯಾಟರಿ ಕೆಂಪಾಗ್ತಾ ಉಂಟು” ಎಂದರು ಮಾಷ್ಟ್ರು. ಅಧ್ಯಕ್ಷರು ಎದ್ದು, ಸಭೆಯಲ್ಲಿರುವ ಗಣ್ಯರ ಹೆಸರು ಒಂದೊಂದಾಗಿ ಹೇಳತೊಡಗಿದರು. ಶೆಡ್ಡಿನಲ್ಲಿ ಇದ್ದದ್ದು ನಾವು ಮೂವರು. ಬಾರದವರ ಹೆಸರನ್ನೂ ಹೇಳಿದರು.

ನಾನು ಹಾರಿ ಮೈಕ್ ಕಿತ್ತುಕೊಂಡು, “ಲಾರಿ ಹತ್ತಬೇಡ ಮಾರಾಯ, ಖರ್ಚು ನಮ್ಮದು!” ಎಂದು ಕಿರುಚಿದೆ, ಮಲಾವಿಯವರಿಗೆ ಕನ್ನಡದಲ್ಲಿ! ಮಾವ ಅದನ್ನೇ ಇಂಗ್ಲಿಷಿನಲ್ಲಿ ಕೂಗಿದರು. ಮೈಕಿಗೆ ಕೈಹಾಕಲು ಬಂದ ಅಧ್ಯಕ್ಷರ ಕಾಲಿಗೆ ವಯರ್ ಸಿಕ್ಕಿ, ಅವರು ತಮ್ಮದೇ ಹೋಟೆಲಿನಿಂದ ಗೋಳಿಬಜೆಗೆಂದು ತಂದ ಚಟ್ನಿ ಪಾತ್ರೆಯೊಳಗೆ ಕೂತುಬಿಟ್ಟರು. ಆಚೆ ಆ ಹುಡುಗ ಹೊಟ್ಟೆ ಹಿಡಿದುಕೊಂಡು ನಗಾಡಿದ. ಚಿಕ್ಕಪ್ಪನೂ ನಗಾಡಿದರು.

ಇಲ್ಲ, ಈ ಕೊನೆ ನಾನು ಕಟ್ಟಿದ್ದು. ನಾನು ಏಳುವ ಮೊದಲೇ, ಹೆಸರುಗಳ ನಡುವೆ, ಪರದೆ ಕಪ್ಪಾಯಿತು. ಮಾವ ಫೋನ್ ಮಾಡಿದರು, ಮಾಡ್ತಾನೇ ಇದ್ದರು. ಆಚೆ ಸ್ವಿಚ್ ಆಫ್. ಮರುದಿನ ಬಿಸಿಲು ಬಂದು ಮಾಷ್ಟ್ರ ಫೋನ್ ಚಾರ್ಜ್ ಆಗುವಾಗ ಲಾರಿ ಹೋಗಿ ಆಗಿತ್ತು. ಅಧ್ಯಕ್ಷರು ಕೂತದ್ದು ಕುರ್ಚಿಯಲ್ಲಿ, ಭಾಷಣ ಪೂರ್ತಿ ಮುಗಿಸಿ. ಹುಡುಗನ ನಗು ನಾನೇ ಸೇರಿಸಿದ್ದು. ಅದಿಲ್ಲದೆ ಇದನ್ನು ಹಾಸ್ಯ ಎಂದು ಹೇಗೆ ಬರೆಯುವುದು ಮಾರಾಯ್ರೆ?