ಎಂಟನೇ ಚುಕ್ಕೆ

ಎಲ್ಲದಕ್ಕೂ ಮೂಲ ಮುನಿಗಂಗಮ್ಮನವರ ನೈಟಿ.

ದೊಡ್ಡಬಳ್ಳಾಪುರದ ಆ ಗಲ್ಲಿಯಲ್ಲಿ ಎಲ್ಲರೂ ದಿನಾ ನೋಡುವ ನೈಟಿ ಅದು. ನೇರಳೆ ಬಣ್ಣ, ಹಳದಿ ಹೂವು, ಎಡಗಡೆ ಜೇಬಿಗೆ ಹಸಿರು ತೇಪೆ, ಮೇಲೆ ಮರ್ಯಾದೆಗೆಂದು ಹೊದ್ದ ಕೆಂಪು ಗೀಟಿನ ಟವೆಲ್. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಅದಕ್ಕೊಂದು ಗುಟ್ಟು ಹಚ್ಚಿದವನು ಎದುರುಮನೆಯ ಮನೋಹರ್.

ಮನೋಹರ್ ಗೋವಿಂದರಾಜಣ್ಣನ ಪವರ್‌ಲೂಮ್ ಶೆಡ್ಡಿನಲ್ಲಿ ಡಿಸೈನರ್. ಸೀರೆಯ ಅಂಚು, ಸೆರಗುಗಳನ್ನು ಕಂಪ್ಯೂಟರಿನ ಚೌಕಗಳಲ್ಲಿ ಚುಕ್ಕೆ ಚುಕ್ಕೆಯಾಗಿ ತುಂಬಿ ಮಗ್ಗಕ್ಕೆ ಕಳಿಸುವುದು ಅವನ ಕೆಲಸ. ಆರು ವರ್ಷದಲ್ಲಿ ಅವನ ಅಂಚುಗಳು ಎಷ್ಟೋ ಮದುವೆಗಳಿಗೆ ಹೋಗಿ ಊಟ ಮಾಡಿಕೊಂಡು ಬಂದಿದ್ದವು. ಅವನನ್ನು ಮಾತ್ರ ಯಾರೂ ಕರೆದಿರಲಿಲ್ಲ. ಸೀರೆಯ ಮೇಲೆ ಇರುತ್ತಿದ್ದದ್ದು ಗೋವಿಂದರಾಜಣ್ಣನ ಲೇಬಲ್. ಬರೆದವರು ಯಾರು ಎಂದು ಒಬ್ಬರಾದರೂ ಒಮ್ಮೆ ಕೇಳಲಿ ಎಂಬುದು ಮನೋಹರನ ಒಳಗೊಳಗಿನ ಆಸೆ. ಅದನ್ನು ಅವನು ಹಲ್ಲುನೋವಿನ ಹಾಗೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

ಹೀಗಿರುವಾಗ ಬೆಂಗಳೂರಿನ ಒಂದು ಕಂಪನಿ ಅವನಿಗೊಂದು ಕೆಲಸ ಕೊಟ್ಟಿತು. 'ರಣಕೇಕೆ' ಎಂಬ ಅವರ ಮೊಬೈಲ್ ಆಟದಲ್ಲಿ ಒಬ್ಬರನ್ನೊಬ್ಬರು ಹೊಡೆದುಕೊಳ್ಳುವ ವೀರರಿದ್ದರು. ಪ್ರತಿಯೊಬ್ಬರಿಗೂ ಎರಡನೆಯದೊಂದು ವೇಷ ಬರೆಯಬೇಕಿತ್ತು. ಆಡುವವರಿಗೆ ಹಳೆಯದು ಬೇಜಾರಾದಾಗ ಹೊಸದನ್ನು ತೊಡಿಸಲಿ ಎಂದು. ಮನೋಹರ್ ಒಪ್ಪಿಕೊಂಡ, ಗುಟ್ಟಾಗಿ. ಏಕೆಂದರೆ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ಇಲ್ಲಿಯ ಡಿಸೈನರ್ ಹೊರಗಿನವರಿಗೆ ಒಂದು ಗೆರೆ ಎಳೆದರೂ ಅವತ್ತೇ ಕೊನೆ.' ಸೋಮವಾರ ಬರೆದ ಅಂಚು ಶುಕ್ರವಾರ ಪಕ್ಕದ ಬೀದಿಯ ಮಗ್ಗದಲ್ಲಿ ಓಡುವ ಊರು. ಗೋವಿಂದರಾಜಣ್ಣನ ಭಯದಲ್ಲಿ ತಪ್ಪಿರಲಿಲ್ಲ.

ವೇಷಗಳೇನೋ ಬೇಕು, ಹೊಳೆಯಬೇಕಲ್ಲ? ಮನೋಹರ್ ಕಿಟಕಿಯಾಚೆ ನೋಡಿದ. ಮಾಟಗಾತಿ ಕಾಳಿಂಗಿಗೆ ಮುನಿಗಂಗಮ್ಮನವರ ನೈಟಿ ಬಂತು. ಜಟ್ಟಿ ಗುಡುಗಪ್ಪನಿಗೆ ಗೋವಿಂದರಾಜಣ್ಣನ ಎತ್ತಿಕಟ್ಟಿದ ಲುಂಗಿ, ಸೊಂಟದ ಬೀಗದಕೈ ಗೊಂಚಲು, ಕಿವಿಗೆ ಸಿಕ್ಕಿಸಿದ ಪೆನ್ನು ಬಂದವು. ರಾಜಕುಮಾರ ಮಿಂಚುದೇವನಿಗೆ ನಾಚಿಕೊಳ್ಳುತ್ತಲೇ ತನ್ನದೇ ನೀಲಿ ಚೌಕಳಿ ಶರ್ಟು ಹಾಕಿದ. ಎರಡನೇ ಗುಂಡಿ ಬಿದ್ದುಹೋದ ಕಡೆ ಕಟ್ಟಿದ ಕೆಂಪು ದಾರವನ್ನೂ ಬಿಡಲಿಲ್ಲ. ಕೊನೆಗೆ ಅಗ್ನಿರಾಣಿ. ಅವಳ ಸೀರೆಗೆ, ವರಮಹಾಲಕ್ಷ್ಮಿ ಹಬ್ಬಕ್ಕೆಂದು ತಾನೇ ನಾಲ್ಕು ತಿಂಗಳು ಕೂತು ಬರೆದಿದ್ದ, ಇನ್ನೂ ಮಾರುಕಟ್ಟೆ ನೋಡದ ಮಾವಿನಕಾಯಿ ಅಂಚು. ಮನಸ್ಸು ತಡೆಯಲಿಲ್ಲ. ಹೆಬ್ಬೆರಳಿನಷ್ಟು ಎತ್ತರದ ರಾಣಿ, ಅದೂ ಒದೆಯುತ್ತಾ ಓಡುವವಳು. ಅವಳ ಅಂಚನ್ನು ಯಾರು ನೋಡುತ್ತಾರೆ?

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ನೋಡಿದರು.

ಶೆಡ್ಡಿನಲ್ಲಿ ಕಡಿದ ಎಳೆಗಳಿಗೆ ಗಂಟು ಹಾಕುವ ಅನಿಲ್‌ಕುಮಾರ್ ಆ ಆಟದ ಹುಚ್ಚ. ಅವನ ಫೋನಿನಲ್ಲಿ ಯಾರೋ ಒಬ್ಬ ಯೂಟ್ಯೂಬ್ ಪಂಡಿತ ಕಿರುಚುತ್ತಿದ್ದ: "ರಣಕೇಕೆಯ ಹೊಸ ವೇಷಗಳಲ್ಲಿ ಅಡಗಿರೋ ಹದಿನೇಳು ಗುಟ್ಟುಗಳು! ಸ್ನೇಹಿತರೇ, ಮಾಟಗಾತಿ ಜೇಬಿನ ಹಸಿರು ಚೌಕ ಗಮನಿಸಿ. ಇದು ಪುರಾತನ ಈಜಿಪ್ಟಿನ ಸಮಾಧಿ ಬಾಗಿಲು. ಹೆಗಲ ಮೇಲಿನ ಕೆಂಪು ಗೆರೆಗಳು ಮೂರು ಲೋಕಗಳ ಗಡಿ!"

ಸುತ್ತಿದ ನೂಲಿನ ಬುಟ್ಟಿ ಕೊಡಲು ಬಂದಿದ್ದ ಮುನಿಗಂಗಮ್ಮ ಬಗ್ಗಿ ನೋಡಿದರು. ಬುಟ್ಟಿ ಕೈಜಾರಿತು.

"ಯಾವ್ ಈಜಿಪ್ಟೋ ಅವ್ನಿಗೆ? ಇದು ನನ್ ನೈಟಿ ಕಣೋ! ಆ ತ್ಯಾಪೆ ನಮ್ಮನೆಯೋರ ಹಳೇ ಪ್ಯಾಂಟಿಂದು!"

ಮನೋಹರನ ಜೀವ ಚಪ್ಪಲಿಗೆ ಇಳಿಯಿತು. ಈಗ ಬೈಗುಳ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡ. ಬರಲಿಲ್ಲ. ಮುನಿಗಂಗಮ್ಮ ಟವೆಲ್ ಸರಿಮಾಡಿಕೊಂಡು ಕೇಳಿದರು: "ಅಲ್ಲ ಅನಿಲಾ, ನಾನು ಎಷ್ಟು ಜನಕ್ಕೆ ಹೊಡೀತೀನಿ?"

"ಮುನಿಗಂಗಕ್ಕಾ, ನೀವು ಒಂದ್ಸಲ ಕೈ ಬೀಸಿದ್ರೆ ಹನ್ನೆರಡು ಜನ."

"ಹಂಗನ್ನು," ಎಂದು ಅವರು ಬೀದಿಗೆ ಹೋಗಿ ಎರಡು ಕೈಯೆತ್ತಿ ಸಾರಿದರು. ಐದು ನಿಮಿಷದಲ್ಲಿ ಶೆಡ್ಡಿನ ಬಾಗಿಲು ನ್ಯಾಯಬೆಲೆ ಅಂಗಡಿಯ ಬಾಗಿಲಿನಂತಾಯಿತು. ಪಕ್ಕದ ಮನೆಯ ಭಾಗ್ಯಮ್ಮ ಮಾತ್ರ ಮುಖ ಊದಿಸಿಕೊಂಡು ನಿಂತರು.

"ಇಪ್ಪತ್ತೆರಡು ವರ್ಷದಿಂದ ಇದೇ ಬೀದೀಲಿ ಇದೀನಿ. ನನ್ನನ್ ಯಾಕೆ ಹಾಕ್ಲಿಲ್ಲ? ಸರಿಯಾಗಿ ಹುಡುಕೋ ಅನಿಲ. ಎಲ್ಲಾದ್ರೂ ಇರ್ತೀನಿ."

ಅನಿಲ್ ಹುಡುಕಿದ. "ನೀವಿಲ್ಲ ಭಾಗ್ಯಕ್ಕಾ. ಮುನಿಗಂಗಕ್ಕ ಒದ್ದಾಗ ಒಡೆಯೋ ಒಂದು ಬೂದುಗುಂಬಳಕಾಯಿ ಐತೆ."

"ಅದಕ್ಕೆ ಬಳೆ ಐತಾ ನೋಡು."

"ನಾನಂತೂ ಇದೀನಿ!" ಎಂದು ಅನಿಲ್ ಮಿಂಚುದೇವನನ್ನು ದೊಡ್ಡದು ಮಾಡಿ ತೋರಿಸಿದ. "ಮೂಗು ನೋಡಿ, ನನ್ದೇ!" ಎಲ್ಲರೂ ಮೂಗು ನೋಡಿದರು, ಹೌದೌದು ಎಂದರು. ಅದೇ ನೀಲಿ ಚೌಕಳಿ ಶರ್ಟು ಹಾಕಿಕೊಂಡು, ಅದೇ ಕೆಂಪು ದಾರ ಕಟ್ಟಿಕೊಂಡು, ಮನೋಹರ್ ಅವರ ಪಕ್ಕದಲ್ಲೇ ನಿಂತಿದ್ದ. ಭಾಗ್ಯಮ್ಮ ಅವನನ್ನು ಸರಿಸಿ, "ಅಡ್ಡ ನಿಲ್ಬೇಡ ಕಣೋ, ರಾಜಕುಮಾರನ್ನ ನೋಡ್ಬೇಕು," ಎಂದರು.

ಅಷ್ಟರಲ್ಲಿ ಗೋವಿಂದರಾಜಣ್ಣ ಬಂದರು. ಗುಡುಗಪ್ಪನ ಲುಂಗಿ ನೋಡಿ ಅವರಿಗೆ ಒಳಗೊಳಗೇ ಖುಷಿಯಾಯಿತು. "ಎದೆ ಇನ್ನೂ ಸ್ವಲ್ಪ ಅಗಲ ಬೇಕಿತ್ತು" ಎಂದು ಫೋನಿನ ತೆರೆಯನ್ನು ಬೆರಳಲ್ಲಿ ಸರಿಸಿದರು. ಮುಂದಿನ ಚಿತ್ರದಲ್ಲಿ ಅಗ್ನಿರಾಣಿ ಬಂದಳು.

ಅವರ ಮುಖದಿಂದ ನಗು ಇಳಿದು ಹೋಯಿತು.

"ನಮ್ಮ ಹಬ್ಬದ ಅಂಚು," ಎಂದರು. ಇನ್ನೂ ಒಮ್ಮೆ, ಕಿರುಚಿ ಹೇಳಿದರು: "ನಮ್ಮ ಹಬ್ಬದ ಅಂಚು ಇವಳ ಮೈಮೇಲೆ ಹೆಂಗೆ ಬಂತು? ಯಾವನೋ ಹೊರಗೆ ಕೊಟ್ಟೋನು?"

ಸರಿಯಾಗಿ ಆಗಲೇ ಕರೆಂಟು ಹೋಯಿತು. ತಿಂಗಳಿಗೊಮ್ಮೆ ರಿಪೇರಿಗೆಂದು ತೆಗೆಯುವ ಕರೆಂಟು. ನಲವತ್ತು ಮಗ್ಗಗಳು ಒಟ್ಟಿಗೆ ನಿಂತವು. ಕಿವಿಗೆ ಅಭ್ಯಾಸವೇ ಇಲ್ಲದ ಆ ನಿಶ್ಶಬ್ದದಲ್ಲಿ ಗೋವಿಂದರಾಜಣ್ಣ ಒಂದನೇ ನಂಬರ್ ಮಗ್ಗದ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಮಗ್ಗ ಮುಟ್ಟಿ ಹೇಳಿ."

ಆ ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಕೋರ್ಟು ಇರಲಿಲ್ಲ. ಹೆಂಡತಿಗೆ ಸುಳ್ಳು ಹೇಳಿದವರಿದ್ದರು, ದೇವರಿಗೂ ಹೇಳಿದವರಿದ್ದರು. ಅನ್ನ ಕೊಡುವ ಮಗ್ಗ ಮುಟ್ಟಿ ಹೇಳಿದವರು ಯಾರೂ ಇರಲಿಲ್ಲ. ಒಬ್ಬೊಬ್ಬರಾಗಿ ಮುಟ್ಟಿ "ನಾನಲ್ಲ" ಎಂದರು. ಮನೋಹರನ ಸರದಿ ಬಂತು. ಆಗ ಅವನ ತಲೆಯಲ್ಲಿ, ಪರೀಕ್ಷೆ ಮುಗಿಯುವ ಗಂಟೆ ಹೊಡೆದಾಗ ಉತ್ತರ ಹೊಳೆದಂತೆ, ಒಂದು ಮಾತು ಹೊಳೆಯಿತು: ಓಡಿದರೆ ಮಗ್ಗ. ಕರೆಂಟೇ ಇಲ್ಲದಾಗ ಇದು ಬರೀ ಕಬ್ಬಿಣ.

ಕಬ್ಬಿಣ ಮುಟ್ಟಿ ಹೇಳಿದ: "ನಾನು ಬರೆದಿಲ್ಲಣ್ಣ."

"ಸರಿ, ನಂಬ್ದೆ," ಎಂದರು ಗೋವಿಂದರಾಜಣ್ಣ. ಮನೋಹರ್ ಉಸಿರು ಬಿಡುವಷ್ಟರಲ್ಲಿ ಸೇರಿಸಿದರು: "ಆದ್ರೆ ಫೈಲಿದ್ದಿದ್ದು ನಿನ್ ಕಂಪ್ಯೂಟರಲ್ಲಿ. ಕಾಯೋಕೆ ಆಗ್ದಿದ್ದೋನು ಇದ್ದೇನು ಪ್ರಯೋಜನ? ಬ್ಯಾಗ್ ತಗೊ."

ಸುಳ್ಳಿನ ಪಾಪವೂ ಬಂತು, ಕೆಲಸವೂ ಹೋಯಿತು. ಮನೋಹರ್ ಬ್ಯಾಗು ಹುಡುಕುತ್ತಿದ್ದಾಗ ನರಸಿಂಹಯ್ಯ ಮೇಷ್ಟ್ರು ಬಂದರು. ಕಂಪ್ಯೂಟರ್ ಬರುವ ಮೊದಲು ಐವತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಈ ಊರಿನ ಅಂಚುಗಳನ್ನು ಕೈಯಲ್ಲಿ ಬರೆದವರು. ಮನೋಹರನಿಗೆ ವಿದ್ಯೆ ಕಲಿಸಿದವರು. ಈಗ ದಿನಾ ಹನ್ನೊಂದಕ್ಕೆ ಶೆಡ್ಡಿಗೆ ಬಂದು ಟೀ ಕುಡಿದು, ಒಂದು ತಪ್ಪು ಹುಡುಕಿ ಹೋಗುವುದು ಅವರ ದಿನಚರಿ.

"ಮೇಷ್ಟ್ರಿಗೆ ತೋರಿಸಿ ಅಣ್ಣ," ಎಂದ ಅನಿಲ್. "ಯಾವ್ ಅಂಚು ಯಾರ ಕೈದು ಅಂತ ನೋಡಿದ ತಕ್ಷಣ ಹೇಳ್ಬಿಡ್ತಾರೆ."

ಮೇಷ್ಟ್ರು ಜೇಬಿನಿಂದ ಎಳೆ ಎಣಿಸುವ ಪುಟ್ಟ ಭೂತಗನ್ನಡಿ ತೆಗೆದು ಫೋನಿನ ಮೇಲಿಟ್ಟು ಬಗ್ಗಿದರು. ನಿಂತ ನಲವತ್ತು ಮಗ್ಗಗಳ ನಡುವೆ ಮನೋಹರನ ಎದೆಯೊಂದೇ ಲಾಳಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಏಕೆಂದರೆ ಸಿಕ್ಕಿಬೀಳುವುದು ಎಲ್ಲಿ ಎಂದು ಅವನಿಗೆ ಗೊತ್ತಿತ್ತು. ಮಾವಿನಕಾಯಿಯ ಬಾಲದ ಕೆಳಗೆ ಊರಿನವರೆಲ್ಲ ಆರು ಚುಕ್ಕೆ ಇಟ್ಟರೆ ಮೇಷ್ಟ್ರು ಏಳು ಇಡುತ್ತಿದ್ದರು. ಅವರ ಶಿಷ್ಯ ಮನೋಹರನೂ ಏಳೇ ಇಡುತ್ತಿದ್ದ. ಆಮೇಲೆ ಗೆರೆಯಾಚೆ, ದಾರಿತಪ್ಪಿದ ಇರುವೆಯಂತೆ, ಎಂಟನೆಯದೊಂದನ್ನು ಇಡುತ್ತಿದ್ದ. ಹೆಸರಿಲ್ಲದವನ ಸಹಿ ಅದು.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಒಮ್ಮೆ ತಲೆಯೆತ್ತಿ ಮನೋಹರನ ಶರ್ಟಿನ ಕೆಂಪು ದಾರ ನೋಡಿದರು. ಅವನ ಕೈಯಲ್ಲಿದ್ದ ಬ್ಯಾಗನ್ನೂ ನೋಡಿದರು.

"ಯಾರೋ ನೋಡಿ ಕದ್ದು ತಮ್ ಕೈಯಲ್ಲಿ ಬರೆದಿದ್ರೆ ಆರು ಚುಕ್ಕೆ ಇರ್ತಿತ್ತು," ಎಂದರು. "ಇದರಲ್ಲಿ ಏಳಿದೆ. ಏಳು ಇಡೋರು ಈ ಊರಲ್ಲಿ ಇಬ್ರೇ. ಮನೋಹರ ಮಗ್ಗ ಮುಟ್ಟಿ ಅಲ್ಲ ಅಂದ್ನಾ?"

"ಅಂದ," ಎಂದರು ಎಲ್ಲರೂ.

"ಹಂಗಾದ್ರೆ ಉಳಿದೋನು ಯಾರಪ್ಪಾ?" ಮೇಷ್ಟ್ರು ಕೈಯನ್ನು ಮಗ್ಗದ ಮೇಲಿಟ್ಟರು. "ನಾನೇ. ಯಾರೋ ಬೆಂಗ್ಳೂರು ಹುಡುಗ್ರು ಬಂದು ಕೇಳಿದ್ರು, ಬರೆದುಕೊಟ್ಟೆ. ಈ ಮಾವಿನಕಾಯಿ ಮೊದ್ಲಿಂದ್ಲೂ ನನ್ದೇ, ಮನೋಹರ ನನ್ ಹಳೇ ಹಾಳೆ ನೋಡ್ಕೊಂಡು ನಿನ್ ಕಂಪ್ಯೂಟರಿಗೆ ತುಂಬಿದ್ದು ಅಷ್ಟೇ. ನಾನು ನಿನ್ ಕೆಲಸದೋನಲ್ಲ ಗೋವಿಂದರಾಜು. ಗೋಡೆ ಮೇಲಿನ ಬರಹ ನನ್ಗೆ ಅನ್ವಯಿಸಲ್ಲ."

ಆ ಮಾತು ಮುಗಿಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ನಲವತ್ತು ಮಗ್ಗಗಳು ಒಟ್ಟಿಗೆ ಧಡಧಡ ಎಂದವು.

"ಸತ್ಯ!" ಎಂದು ಮುನಿಗಂಗಮ್ಮ ಕೈ ಮುಗಿದರು. "ಮಗ್ಗಾನೇ ಒಪ್ಕೊಂತು!"

ಗೋವಿಂದರಾಜಣ್ಣ ಎಪ್ಪತ್ತನಾಲ್ಕರ ಮೇಷ್ಟ್ರನ್ನು ಬೈಯಲಾರದೆ ಎತ್ತಿಕಟ್ಟಿದ ಲುಂಗಿಯನ್ನು ಇಳಿಬಿಡುತ್ತಿದ್ದಾಗ ಅವರ ಫೋನು ಹೊಡೆದುಕೊಂಡಿತು. ಬೆಂಗಳೂರಿನ ಸೀರೆ ಅಂಗಡಿಯವರು. ಮಗ್ಗಗಳ ಸದ್ದನ್ನು ಮೀರಲೆಂದು ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು: "ಗೋವಿಂದರಾಜಣ್ಣಾ, ಸ್ಯಾಂಪಲ್ ತೋರಿಸಿದ್ರಲ್ಲ ಮಾವಿನಕಾಯಿ ಅಂಚು, ಅದನ್ನೆಲ್ಲಾ ನಮಗೇ ಕಳಿಸಿ! ಕಾಲೇಜ್ ಹುಡುಗೀರು ಫೋನ್ ಹಿಡ್ಕೊಂಡು ಬಂದು ಅಗ್ನಿರಾಣಿ ಸೀರೆ ಕೊಡಿ ಅಂತಾವ್ರೆ. ಇಷ್ಟು ದಿನ ಚೂಡಿದಾರ ಬಿಟ್ಟು ಬೇರೆ ಮಾತಾಡದೇ ಇದ್ದೋರು!"

ಫೋನಿಟ್ಟ ಗೋವಿಂದರಾಜಣ್ಣನ ಮುಖ ಇಸ್ತ್ರಿ ಮಾಡಿದ ಹಾಗೆ ನೆಟ್ಟಗಾಗಿತ್ತು. ಮೇಷ್ಟ್ರ ಕಾಲಿಗೆ ಬಿದ್ದೇಬಿಟ್ಟರು. "ಎಂಥ ಕೆಲಸ ಮಾಡಿದ್ರಿ ಮೇಷ್ಟ್ರೇ! ಮನೋಹರಾ, ಬ್ಯಾಗ್ ಇಳಿಸೋ! ಇವತ್ತಿಂದ ನಮ್ಮ ಪ್ರತಿ ಸೀರೆ ಸೆರಗಿನ ಮೂಲೇಲೂ ಬರೆದೋರ ಹೆಸರು ನೇಯಿಸ್ತೀನಿ. ಮೊದಲನೇ ಹೆಸರು ನಿಮ್ಮದೇ!"

ಬರೆದವರ ಹೆಸರು. ಸೆರಗಿನಲ್ಲಿ. ಮನೋಹರ್ ಜನರನ್ನು ಸರಿಸಿ ಮುಂದೆ ಬಂದ.

"ಅಣ್ಣಾ," ಎಂದ. ಮಗ್ಗಗಳ ಸದ್ದಿಗೆ ಕೇಳಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಕೂಗಿದ: "ಅಣ್ಣಾ! ಅದು ಬರೆದಿದ್ದು ನಾನು!"

ಎಲ್ಲರೂ ತಿರುಗಿದರು.

"ಈಗ ತಾನೇ ಮಗ್ಗ ಮುಟ್ಟಿ ಅಲ್ಲ ಅಂದ್ಯಲ್ಲೋ," ಎಂದರು ಭಾಗ್ಯಮ್ಮ.

"ಕರೆಂಟಿರಲಿಲ್ಲ ಭಾಗ್ಯಕ್ಕಾ! ಅದಕ್ಕೇ... ನೋಡಿ, ರಾಜಕುಮಾರನ ಶರ್ಟು ನೋಡಿ, ನನ್ ಶರ್ಟು ನೋಡಿ! ದಾರ ನೋಡಿ!"

ಅನಿಲ್ ಬಂದು ದಾರವನ್ನು ಮುಟ್ಟಿ ನೋಡಿದ. ಅವನ ಮುಖದಲ್ಲಿ ಮರುಕವಿತ್ತು. "ಆಟ ನೋಡ್ಕೊಂಡು ಕಟ್ಕೊಂಡಿದೀಯಾ ಗುರು? ಆಸೆ ಇರುತ್ತೆ, ಇರ್ಲಿ. ಆದ್ರೆ ಮೂಗು ನನ್ದು."

"ಕಲಿಸಿದ ಮೇಷ್ಟ್ರ ಹೆಸರನ್ನೇ ಕಿತ್ಕೊಳಕ್ಕೆ ನೋಡ್ತಾನಲ್ಲಾ," ಎಂದು ಮುನಿಗಂಗಮ್ಮ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದರು. ಥೇಟು ಕಾಳಿಂಗಿ. ಮನೋಹರ್ ಎರಡು ಹೆಜ್ಜೆ ಹಿಂದೆ ಸರಿದ.

ಜನ ಕರಗಿದ ಮೇಲೆ ಮೇಷ್ಟ್ರು ಅವನನ್ನು ನೂಲಿನ ಮೂಟೆಗಳ ಹಿಂದಕ್ಕೆ ಕರೆದರು.

"ಎಂಟನೇ ಚುಕ್ಕೆ ಯಾರ್ದು ಅಂತ ಗೊತ್ತಿಲ್ಲ ಅಂದ್ಕೊಂಡ್ಯೇನೋ? ಕಲಿಯಕ್ ಬಂದ ಮೊದಲ್ನೇ ತಿಂಗ್ಳಿಂದ ಇಡ್ತಿದೀಯ. ಕೆಲಸ ಹೋಗುತ್ತಲ್ಲ ಅಂತ ಮೈಮೇಲೆ ಎಳ್ಕೊಂಡೆ."

"ಮಗ್ಗ ಮುಟ್ಟಿ ಸುಳ್ಳು ಹೇಳಿದ್ರಲ್ಲ ಮೇಷ್ಟ್ರೇ!"

"ಕರೆಂಟೆಲ್ಲಿತ್ತೋ? ಅದು ಬರೀ ಕಬ್ಬಿಣ." ಮೇಷ್ಟ್ರು ಟೀ ಹೀರಿದರು. "ನಿಮ್ಮಜ್ಜನ ಕಾಲದಿಂದ ನಮಗೆ ಗೊತ್ತಿರೋದು. ನೀನೇ ಮೊದಲು ಕಂಡುಹಿಡಿದೆ ಅಂದ್ಕೋಬೇಡ."

"ಈಗ ನಿಜ ಹೇಳ್ಬಿಡಿ. ನನ್ನ ಹೆಸ್ರು ಬರುತ್ತೆ."

ಮೇಷ್ಟ್ರು ಲೋಟ ಕೆಳಗಿಟ್ಟರು. ಆಮೇಲೆ ಬಹಳ ಮೆತ್ತಗೆ, ಮಿಠಾಯಿ ಕೇಳುವ ಮಗುವಿನ ಹಾಗೆ ಅಂದರು: "ಐವತ್ತು ವರ್ಷ ಬರೆದೆ ಕಣೋ ಮನೋಹರ. ಒಂದು ಸೀರೇಲೂ ಬರ್ಲಿಲ್ಲ. ಒಂದ್ ಹಬ್ಬ ಇರ್ಲಿ ಬಿಡೋ."

ಮನೋಹರ್ ಬ್ಯಾಗನ್ನು ಮೊಳೆಗೆ ತಗುಲಿಸಿ ಕಂಪ್ಯೂಟರಿನ ಮುಂದೆ ಕೂತ. ಮೇಷ್ಟ್ರ ಹೆಸರನ್ನು ಚೌಕ ಚೌಕವಾಗಿ ಬರೆಯಲು ಇನ್ನು ಯಾರಿದ್ದರು? ಮಧ್ಯಾಹ್ನವೆಲ್ಲ ಕೂತು, ಜೀವಮಾನದಲ್ಲೇ ಚೆಂದದ ಅಕ್ಷರಗಳಲ್ಲಿ 'ನರಸಿಂಹಯ್ಯ' ಎಂದು ತುಂಬಿದ. ಮುಗಿಸಿ, ಸುತ್ತ ನೋಡಿ, ಕೊನೆಯ ಅಕ್ಷರದಾಚೆ ಒಂದೇ ಒಂದು ಚುಕ್ಕೆ ಇಟ್ಟ. ಇಷ್ಟಾದರೂ ಇರಲಿ.

ಸಂಜೆ ಐದಕ್ಕೆ ಮೊದಲ ಸೆರಗು ಮಗ್ಗದಿಂದ ಇಳಿಯಿತು. ಬೀದಿಯೇ ನೆರೆದಿತ್ತು. ಭಾಗ್ಯಮ್ಮ ಒಂದು ಬೂದುಗುಂಬಳಕಾಯಿಯನ್ನೇ ಕಂಕುಳಲ್ಲಿ ತಂದಿದ್ದರು, ದೃಷ್ಟಿ ತೆಗೆಯಲಿಕ್ಕೋ, ಗುರುತಿಗೋ ಹೇಳಲಿಲ್ಲ. ಗೋವಿಂದರಾಜಣ್ಣ ಸೆರಗನ್ನು ಬೆಳಕಿಗೆ ಹಿಡಿದು, ಹೆಸರನ್ನು ಓದಿ, ತಲೆದೂಗಿ, ಆಮೇಲೆ ಹುಬ್ಬು ಗಂಟಿಕ್ಕಿದರು.

"ಮನೋಹರಾ, ಇಲ್ಲೇನೋ ಒಂದು ಚುಕ್ಕೆ ಜಾಸ್ತಿ ಬಿದ್ದಿದೆಯಲ್ಲೋ. ಇಂಥಾ ದೊಡ್ಡೋರ ಹೆಸರಿನ ಪಕ್ಕ ತಪ್ಪು ಇರ್ಬಾರ್ದು."

ಮನೋಹರ್ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಭೂತಗನ್ನಡಿ ಹಿಡಿದು ತಮ್ಮ ಹೆಸರನ್ನು ಹತ್ತನೆಯ ಸಲ ಓದುತ್ತಿದ್ದರು.

"ಹೋಗು, ಅಳಿಸು."

ಅವನು ಹೋಗಿ ಅಳಿಸಿದ.