ಮಾವನವರ ಕಾರಿಗೆ ನಾನು ಬ್ಯಾಟರಿ ಹಾಕಿದ್ದು

ಕಾರಿನ ಬ್ಯಾಟರಿ ಬದಲಿಸುವುದು ಕಷ್ಟದ ಕೆಲಸವಲ್ಲ. ಹಳೆಯದನ್ನು ತೆಗೆಯಬೇಕು, ಅದೇ ಅಳತೆಯ ಹೊಸದನ್ನು ಇಡಬೇಕು, ಎರಡು ತಂತಿ ಸಿಕ್ಕಿಸಬೇಕು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಆದ್ದರಿಂದ ಮಾವನವರ ಕಾರಿನ ಬ್ಯಾಟರಿ ಸತ್ತಿತೆಂದು ಮನೆಯಲ್ಲಿ ಚಿಂತೆ ಆವರಿಸಿದಾಗ, ಹೆಚ್ಚು ಮಾತಾಡುವ ಅಭ್ಯಾಸವಿಲ್ಲದ ನಾನು "ನಾನೇ ಹಾಕ್ತೀನಿ" ಎಂದುಬಿಟ್ಟೆ. ಆಡಿದ ಮಾತನ್ನು ವಾಪಸ್ ಪಡೆಯುವ ಸೌಲಭ್ಯ ಇದ್ದಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಅದು ಸಾಮಾನ್ಯ ಕಾರಲ್ಲ. ಎರಡೇ ಸೀಟಿನ, ಬಟ್ಟೆಯ ಚಾವಣಿ ಮಡಚಿಡುವ, ನೆಲದಿಂದ ಒಂದು ಗೇಣು ಮೇಲೆ ಕೂತಂತಿರುವ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರು. ಚಿಕ್ಕಮಗಳೂರಿನ ಯಾವುದೋ ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದ ಕಾಲದಲ್ಲಿ ಮಾವ ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ತಂದಿದ್ದರು. ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅವರ ಗೆಳೆಯ ಸೆಲ್ವರಾಜ್ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಅಲ್ಲೇ ಕಾಗದನಗರದಲ್ಲಿ ವಾಸ. ಇಬ್ಬರೂ ಸೇರಿ ವರ್ಷಗಟ್ಟಲೆ ಭಾನುವಾರಗಳನ್ನು ಸುರಿದು ಅದಕ್ಕೆ ಜೀವ ಬರಿಸಿದರು. ಹೆಂಡತಿಯರ ಪಾಲಿನ ಭಾನುವಾರಗಳೂ ಅದರಲ್ಲಿ ಸೇರಿದ್ದವು ಎಂಬುದು ನಮ್ಮತ್ತೆಯ ಅಭಿಪ್ರಾಯ.

ಈಗ ಸೆಲ್ವರಾಜ್ ಅವರು ಚೆನ್ನೈನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಹೋಗಿ ಬರುವುದಕ್ಕಲ್ಲ, ಅಲ್ಲೇ ಇರುವುದಕ್ಕೆ. ಭಾನುವಾರ ನಮ್ಮ ಶಿವಮೊಗ್ಗದ ಸೋಗಾನೆಯಿಂದ ವಿಮಾನ. "ಏರ್‌ಪೋರ್ಟಿಗೆ ನಮ್ಮ ಕಾರಲ್ಲೇ ಬಿಡ್ತೀನಿ" ಎಂದು ಮಾವ ಮಾತು ಕೊಟ್ಟಿದ್ದರು. ಆ ಇಬ್ಬರೂ ಆ ಎರಡು ಸೀಟುಗಳಲ್ಲಿ ಒಟ್ಟಿಗೆ ಕೂರುವ ದಿನ ಇನ್ನೊಂದು ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಬ್ಯಾಟರಿ ಆ ವಾರವನ್ನೇ ಆರಿಸಿಕೊಂಡು ಸತ್ತಿತು. ಮಾವನಿಗೆ ಹರ್ನಿಯಾ ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಕಾರು ಓಡಿಸಬಹುದು, ಭಾರ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರ ಆಜ್ಞೆ. ನನ್ನ ಗಂಡ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದರು. ಉಳಿದವಳು ನಾನು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ವಿವರಿಸಬೇಕು. ಮಾವ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ಕೋಪವೇನಿಲ್ಲ. ಅವರ ತಂದೆ ನಮ್ಮತ್ತೆಯೊಡನೆ ಮಾತಾಡುತ್ತಿರಲಿಲ್ಲವಂತೆ; ಅದೇ ಮರ್ಯಾದೆ ಮುಂದುವರಿದಿದೆ. ಹೇಳುವುದನ್ನೆಲ್ಲ ಅವರು ಅತ್ತೆಗೆ ಹೇಳುತ್ತಾರೆ, ಅತ್ತೆ ನನಗೆ ಹೇಳುತ್ತಾರೆ. ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಇದೇ ವ್ಯವಸ್ಥೆ. ಮಿತಭಾಷಿಯಾದ ನನಗೆ ಇದು ಅನುಕೂಲವೇ ಆಗಿತ್ತು. ಆದರೆ ಅತ್ತೆ ಸಾಗಿಸುವ ಮಾತು ದಾರಿಯಲ್ಲಿ ಸ್ವಲ್ಪ ಮೆತ್ತಗಾಗುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಬ್ಯಾಟರಿ ಇರುವುದು ಸೀಟುಗಳ ಹಿಂದೆ, ನೆಲದಲ್ಲಿರುವ ಒಂದು ಗುಂಡಿಯಲ್ಲಿ. ಮೇಲೊಂದು ತಗಡಿನ ಮುಚ್ಚಳ. ಹಳೆಯ ಬ್ಯಾಟರಿಯ ಲೇಬಲ್ ಕರಗಿಹೋಗಿತ್ತು. ನಾನು ಟೇಪು ಹಿಡಿದು ಗುಂಡಿಯ ಉದ್ದ, ಅಗಲ, ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದುಕೊಂಡು ಬಿ.ಎಚ್. ರಸ್ತೆಯ ಒಂದು ಅಂಗಡಿಗೆ ಹೋದೆ.

"ಯಾವ ಗಾಡಿಗೆ ಮೇಡಮ್?" ಅಂಗಡಿಯವರು ಕೇಳಿದರು.

"ಕಾರಿಗೆ."

"ಅದೇ, ಯಾವ ಕಾರು?"

ಇಲ್ಲಿ ನಿಜ ಹೇಳಿದ್ದರೆ ಈ ಕಥೆ ಮುಗಿಯುತ್ತಿತ್ತು. ಆದರೆ ಆ ಕಾರಿನ ಹೆಸರು ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತು. ಎಷ್ಟಕ್ಕೆ ತಗೊಂಡ್ರಿ, ಮಾರ್ತೀರಾ, ಒಂದ್ಸಲ ನೋಡ್ಬಹುದಾ, ನನ್ನ ಭಾಮೈದನ ಮದುವೆಗೆ ಕೊಡ್ತೀರಾ. ರವೀಂದ್ರನಗರದ ನಮ್ಮ ಗೇಟಿನ ಮುಂದೆ ಈಗಾಗಲೇ ಸಾಕಷ್ಟು ಜನ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ನಾನು ಗಂಭೀರವಾಗಿ, "ಹನ್ನೆರಡು ವೋಲ್ಟಿನ ಕಾರು" ಎಂದೆ.

"ಪೆಟ್ರೋಲಾ, ಡೀಸೆಲ್ಲಾ?"

"ಪೆಟ್ರೋಲ್. ಅಳತೆ ಇಲ್ಲಿದೆ."

"ಅಳತೆ ತಗೊಂಡು ಏನ್ ಮಾಡ್ಲಿ ಮೇಡಮ್, ರವಿಕೆ ಹೊಲೀಬೇಕಾ? ಗಾಡಿ ಹೆಸರು ಹೇಳಿದ್ರೆ ಕಣ್ಮುಚ್ಚಿ ಕೊಡ್ತೀನಿ."

ನಾನು ಹೇಳಲಿಲ್ಲ. ಅವರು ಕಣ್ಣು ತೆರೆದುಕೊಂಡೇ ಒಂದು ಕೊಟ್ಟರು. ಮನೆಗೆ ತಂದು ಇಳಿಸಿದರೆ ಮುಚ್ಚಳ ಮುಚ್ಚಲಿಲ್ಲ. ನಾನು ಗುಂಡಿಯ ಎತ್ತರವನ್ನು ಅಳೆದಿದ್ದೆ. ಗುಂಡಿಯ ತಳದಲ್ಲಿ ಬ್ಯಾಟರಿ ಕೂರುವ ಮರದ ಹಲಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ವಾಪಸ್ ಹೋದೆ. "ಹನ್ನೆರಡು ವೋಲ್ಟಿನ ಕಾರಿನವರು ಬಂದ್ರು" ಎಂದು ಅಂಗಡಿಯವರು ಒಳಗೆ ಯಾರಿಗೋ ಹೇಳಿದರು. ಈ ಸಲ ಗಿಡ್ಡನೆಯ ಒಂದನ್ನು ಆರಿಸಿದೆ. ಅವರು ಬಿಲ್ ಬರೆಯುತ್ತಾ, "ಪ್ಲಸ್ಸು ಯಾವ ಕಡೆ ಬರ್ಬೇಕು, ಅದಾದ್ರೂ ಹೇಳ್ತೀರಾ?" ಎಂದರು. ತಂತಿಗಳು ಉದ್ದವಾಗಿವೆ, ಯಾವ ಕಡೆಯಾದರೂ ಆಗುತ್ತದೆ ಎಂದೆ. ಉದ್ದವಾಗಿದ್ದವು. ಅದೊಂದು ಸತ್ಯ.

ಶನಿವಾರ ಸಂಜೆ ಹೊಸ ಬ್ಯಾಟರಿಯನ್ನು ಅಂಗಳದಲ್ಲಿಟ್ಟಾಗ ಅತ್ತೆ ಪೂಜೆಗೆ ಬಂದರು. ನಮ್ಮದು ಶೈವರ ಮನೆ. ಮಿಕ್ಸಿ ಬಂದರೂ ಅದಕ್ಕೆ ವಿಭೂತಿಯಾಗುತ್ತದೆ. ಬ್ಯಾಟರಿಯ ತಲೆಯ ಮೇಲೆ ಮೂರು ದಪ್ಪ ಪಟ್ಟೆ ಎಳೆದು, ತಂತಿ ಸಿಕ್ಕಿಸುವ ಎರಡು ಕೊಂಬುಗಳಿಗೂ ಭೇದವಿಲ್ಲದೆ ಕುಂಕುಮ ಇಟ್ಟರು. ಪ್ಲಸ್ ಮತ್ತು ಮೈನಸ್ ಗುರುತುಗಳು ವಿಭೂತಿಯಡಿಯಲ್ಲಿ ಐಕ್ಯವಾದವು. ಒರೆಸಲು ಮನಸ್ಸಾಗಲಿಲ್ಲ. ಮಲ್ಟಿಮೀಟರ್ ತಂದು ಪರೀಕ್ಷಿಸಿ ಪ್ಲಸ್ ಯಾವುದೆಂದು ವೈಜ್ಞಾನಿಕವಾಗಿ ಕಂಡುಕೊಂಡೆ. ಆ ಕ್ಷಣ ನನ್ನ ಬಗ್ಗೆ ನನಗಿದ್ದ ಗೌರವ ಮತ್ತೆಂದೂ ಆ ಎತ್ತರ ತಲುಪಿಲ್ಲ.

ಜಗಲಿಯ ಕುರ್ಚಿಯಿಂದ ಮಾವ ಅತ್ತೆಗೆ ಏನೋ ಹೇಳುತ್ತಿದ್ದುದು ಕೇಳಿಸಿತು. ಅತ್ತೆ ನನ್ನ ಹತ್ತಿರ ಬಂದರು.

"ಏನಂದ್ರು ಅತ್ತೆ?"

"ಹುಷಾರಾಗಿ ಹಾಕು, ನೀನು ಜಾಣೆ ಅಂದ್ರು."

ಮಾವ ನಿಜವಾಗಿ ಹೇಳಿದ್ದು ಹೀಗೆಂದು ಮರುದಿನ ತಿಳಿಯಿತು: "ಈ ಗಾಡೀಲಿ ಎಲ್ಲ ಉಲ್ಟಾ. ಪ್ಲಸ್ಸಿನ ತಂತಿ ಕಾರಿನ ಬಾಡಿಯ ಕಬ್ಬಿಣಕ್ಕೆ ಹೋಗ್ಬೇಕು, ಮೈನಸ್ಸು ಸ್ಟಾರ್ಟರಿಗೆ. ಅದು ಗೊತ್ತಿಲ್ದಿದ್ರೆ ಸುಮ್ನೆ ಕೈ ಹಾಕ್ಬೇಡ ಅನ್ನು." ಹೊಸ ಸೊಸೆಗೆ 'ಕೈ ಹಾಕ್ಬೇಡ' ಎನ್ನುವುದು ಹೇಗೆ? ಅತ್ತೆ ಕೊನೆಯ ವಾಕ್ಯವನ್ನು ಕಿತ್ತರು. ಅದರ ಜೊತೆಗೆ ಮೊದಲ ಎರಡು ವಾಕ್ಯಗಳೂ ಬೇರುಸಮೇತ ಬಂದುಬಿಟ್ಟವು.

ಇಂದಿನ ಎಲ್ಲ ಕಾರುಗಳಲ್ಲೂ ಬಾಡಿಯ ಕಬ್ಬಿಣಕ್ಕೆ ಹೋಗುವುದು ಮೈನಸ್. ನಾನೂ ಹಾಗೆಯೇ ಹಾಕಿದೆ. ಕಾರು ಪ್ರತಿಭಟಿಸಲಿಲ್ಲವೆಂದಲ್ಲ. ಬ್ಯಾಟರಿಯ ಪ್ಲಸ್ ಕೊಂಬು ದಪ್ಪ, ಮೈನಸ್ ಕೊಂಬು ಸಣ್ಣ. ಬಾಡಿಯ ತಂತಿಯ ಹಿಡಿಕೆ ಸಣ್ಣ ಕೊಂಬಿನ ಮೇಲೆ ಬಳೆಯಂತೆ ಅಲ್ಲಾಡಿತು. ಇನ್ನೊಂದು ದಪ್ಪ ಕೊಂಬಿಗೆ ಇಳಿಯಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅದಲುಬದಲು ಮಾಡಿ ನೋಡುತ್ತಿದ್ದರು. ಹಿಡಿಕೆಗಳೇ ತಪ್ಪಾಗಿವೆ ಎಂದು ನಾನು ತೀರ್ಮಾನಿಸಿದೆ. ಸಡಿಲವಾದದ್ದಕ್ಕೆ ತಗಡು ಸುತ್ತಿದೆ. ಬಿಗಿಯಾದದ್ದರ ಬಾಯಿಯನ್ನು ಸ್ಕ್ರೂ ಡ್ರೈವರ್ ಹಾಕಿ ಅಗಲಿಸಿದೆ. ಮುಚ್ಚಳ ಮುಚ್ಚಿದೆ. ಕೀಲಿ ತಿರುಗಿಸಿದೆ. ಕಾರು ಶುರುವಾಯಿತು.

ಅದೇ ದೊಡ್ಡ ಅನ್ಯಾಯ. ಶುರುವಾಗದಿದ್ದರೆ ಎಲ್ಲರೂ ಉಳಿಯುತ್ತಿದ್ದೆವು.

ಭಾನುವಾರ ಬೆಳಿಗ್ಗೆ ಹೊರಟೆವು. ಆಪರೇಷನ್ ಆದವರು ಒಬ್ಬರೇ ಹೋಗಬಾರದೆಂದು ಅತ್ತೆ ನನ್ನನ್ನು ಪಕ್ಕದ ಸೀಟಿಗೆ ಹತ್ತಿಸಿದರು. ಸೆಲ್ವರಾಜ್ ಅವರ ಪೆಟ್ಟಿಗೆಗಳಿಗೆ ಕಾಗದನಗರದಲ್ಲಿ ಒಂದು ಲಗೇಜ್ ಆಟೋ ಗೊತ್ತುಮಾಡಿದ್ದರು. ಅಲ್ಲಿಂದ ಮುಂದೆ ನಾನು ಅದರಲ್ಲಿ ಬರುವುದೆಂದು ಏರ್ಪಾಡು. ಊರು ದಾಟುವಷ್ಟರಲ್ಲಿ ಮಾವ ಮುಂದಿನ ಗಾಜಿನ ಕೆಳಗಿದ್ದ ಒಂದು ಗುಂಡು ಮೀಟರನ್ನು ಬೆರಳಿನಿಂದ ತಟ್ಟಿದರು. ಬ್ಯಾಟರಿ ಚಾರ್ಜ್ ಆಗುತ್ತಿದೆಯೋ ಖಾಲಿಯಾಗುತ್ತಿದೆಯೋ ತೋರಿಸುವ ಮುಳ್ಳು ಅದರಲ್ಲಿತ್ತು. ಅದು ವಾಲಬಾರದ ಕಡೆಗೆ ವಾಲಿತ್ತು. ಮಾವ ನನ್ನ ಕಡೆ ನೋಡಿದರು. ನಾನು ಗದ್ದೆಗಳ ಕಡೆ ನೋಡಿದೆ. ಇಬ್ಬರ ನಡುವೆ ಇರಬೇಕಾಗಿದ್ದ ಅತ್ತೆ ರವೀಂದ್ರನಗರದಲ್ಲಿ ಕಾಯಿ ತುರಿಯುತ್ತಿದ್ದರು.

ಸ್ವಲ್ಪ ದೂರ ಹೋಗಿ ಮಾವ ಕಾರನ್ನು ಮರದ ಕೆಳಗೆ ನಿಲ್ಲಿಸಿ, ಇಳಿದು ನಾಲ್ಕು ಹೆಜ್ಜೆ ಆಚೆ ಹೋಗಿ ಫೋನ್ ಮಾಡಿದರು. ಗಾಳಿಯಲ್ಲಿ ಮಾತು ನನಗೆ ಕೇಳಿಸಲಿಲ್ಲ. ಅವರು ಮುಗಿಸಿದ ಕೂಡಲೇ ನನ್ನ ಫೋನು ಹೊಡೆದುಕೊಂಡಿತು. ಅತ್ತೆ.

"ಮಾರಾಯ್ತಿ, ನಿನ್ ಪಕ್ಕದಲ್ಲೇ ಇದಾರಲ್ಲ ನಿಮ್ಮಾವ, ಅವ್ರು ಕೇಳ್ತಿದಾರೆ."

"ಏನಂತೆ ಅತ್ತೆ?"

ಆಮೇಲೆ ತಿಳಿದಂತೆ, ಮಾವ ಕೇಳಿದ್ದು, "ಆ ಹುಡುಗಿ ತಂತಿ ಎಲ್ಲಿಗೆ ಹಾಕಿದಾಳೆ ಕೇಳು, ನಂಗ್ಯಾಕೋ ಅನುಮಾನ" ಎಂದು. ಅನುಮಾನವನ್ನು ಸೊಸೆಗೆ ದಾಟಿಸುವವರಲ್ಲ ನಮ್ಮತ್ತೆ.

"ಎಲ್ಲ ಚೆನ್ನಾಗಿ ಹಾಕಿದೀಯ ತಾನೇ, ಅಂತ."

"ಚೆನ್ನಾಗಿ ಹಾಕಿದೀನಿ ಅತ್ತೆ."

ನನ್ನ ಫೋನು ಇಟ್ಟ ಮೇಲೆ ಮಾವನ ಫೋನು ಹೊಡೆದುಕೊಂಡಿತು. ಅವರು ಕೇಳಿಸಿಕೊಂಡರು, ಮೀಟರಿನ ಮೇಲೇ ಸಂಶಯಪಟ್ಟು ಅದನ್ನು ಇನ್ನೊಮ್ಮೆ ತಟ್ಟಿದರು, ಹೊರಟರು. ಬೈಕಿನವರೆಲ್ಲ ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಭದ್ರಾವತಿ ತಲುಪಿದೆವು. ಆ ನಿಧಾನವೇ ನಮ್ಮನ್ನು ಅಲ್ಲಿಯವರೆಗೆ ಕಾಪಾಡಿತ್ತು.

ಕಾಗದನಗರದಲ್ಲಿ ಸೆಲ್ವರಾಜ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅಕ್ಕಪಕ್ಕದವರೂ ಸೇರಿದ್ದರು.

"ಮೇಷ್ಟ್ರೇ, ಬಂದೇಬಿಟ್ರಾ. ಒಂದ್ಸಲ ಸೌಂಡ್ ಕೇಳಿಸಿ ಸಾಮಿ, ಕಿವಿಯಲ್ಲಿ ಇಟ್ಕೊಂಡು ಹೋಗ್ತೀನಿ."

ಮಾವ ಗೆಳೆಯನಿಗಾಗಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಎಂಜಿನ್ ಗರ್ಜಿಸಿತು. ಅಷ್ಟು ಹೊತ್ತು ತೂಕಡಿಸುತ್ತಿದ್ದ, ಬ್ಯಾಟರಿಗೆ ವಿದ್ಯುತ್ ತುಂಬುವ ಡೈನಮೋ ಎಚ್ಚರಗೊಂಡು, ತಾನು ಕಳಿಸಿದ ವಿದ್ಯುತ್ತಿಗೆ ಎದುರಿನಿಂದ ಬರುತ್ತಿರುವುದು ಯಾರೆಂದು ನೋಡಿತು. ಬಾನೆಟ್ಟಿನಡಿಯಿಂದ ತೆಳ್ಳಗೆ, ನೀಟಾಗಿ, ಊದುಬತ್ತಿಯಂತೆ ಹೊಗೆ ಎದ್ದಿತು. ಕಾರು ನಿಂತಿತು.

ಮಾವ ಡಾಕ್ಟರ ಆಜ್ಞೆ ಮರೆತು, ಇಳಿದು ಬಗ್ಗಿ, ಸೀಟು ಸರಿಸಿ ಮುಚ್ಚಳ ತೆಗೆದು ನೋಡಿದರು. ವಿಭೂತಿ, ಕುಂಕುಮ, ನಾನು ಸುತ್ತಿದ ತಗಡು. ಆಮೇಲೆ, ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ, ಅವರು ನೇರವಾಗಿ ನನ್ನ ಮುಖ ನೋಡಿ ಮಾತಾಡಿದರು.

"ಪ್ಲಸ್ಸು ಬಾಡಿಗೆ ಅಂತ ಹೇಳಿ ಕಳಿಸಿದ್ನಲ್ಲಮ್ಮಾ."

"ಇಲ್ಲ ಮಾವ. ಜಾಣೆ ಅಂತ ಹೇಳಿ ಕಳಿಸಿದ್ರಿ."

ಸೆಲ್ವರಾಜ್ ಒಳಗೆ ಇಣುಕಿ, ಮೂಗು ಮುಚ್ಚಿಕೊಂಡು, "ಸುಟ್ಟ ವಾಸನೆ. ನಾನು ಊರು ಬಿಡೋದು ಇದಕ್ಕೂ ಗೊತ್ತಾಗಿದೆ" ಎಂದರು. ಮಾವ ಕೈಗಡಿಯಾರ ನೋಡಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ; ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನೀನು ಆಟೋದಲ್ಲಿ ಹೊರಡು ಸೆಲ್ವ. ಲೇಟಾಗತ್ತೆ."

"ಈ ಗಾಡೀಲಿ ಬಿಡ್ತೀನಿ ಅಂದಿದ್ರಿ, ಇದ್ರಲ್ಲೇ ಹೋಗ್ತೀನಿ. ಎಂಜಿನ್ ಓಡಬೇಕು ಅಂತ ಎಲ್ಲಿ ಮಾತಾಗಿತ್ತು?" ಎಂದು ಅವರು ಹೋಗಿ ತಮ್ಮ ಸೀಟಿನಲ್ಲಿ ಕೂತೇಬಿಟ್ಟರು.

ಪಕ್ಕದ ಮನೆಯಿಂದ ಹಗ್ಗ ಬಂತು. ಕಾರನ್ನು ಲಗೇಜ್ ಆಟೋಗೆ ಕಟ್ಟಲಾಯಿತು. ಡ್ರೈವರಿನ ಪಕ್ಕ ಒಂದು ಹೊಲಿಗೆ ಯಂತ್ರ ಕೂತಿದ್ದರಿಂದ ನನಗೆ ಉಳಿದದ್ದು ಹಿಂಭಾಗ. ಪೆಟ್ಟಿಗೆಗಳ ನಡುವೆ, ಹಿಮ್ಮುಖವಾಗಿ. ನನ್ನ ಫೋಟೋ ಫೇಸ್‌ಬುಕ್ಕಿನಲ್ಲಿ ಕೂಡ ಇಲ್ಲ. ಅಂಥವಳನ್ನು ಭದ್ರಾವತಿ ಪೇಟೆ ಇಡಿಯಾಗಿ, ನಿಧಾನವಾಗಿ, ಸಾಂಗವಾಗಿ ನೋಡಿತು. ಎದುರಿಗೆ ಹಗ್ಗದಷ್ಟೇ ದೂರದಲ್ಲಿ ತೆರೆದ ಕಾರು, ಅದರಲ್ಲಿ ನೆಟ್ಟಗೆ ಕೂತ ಇಬ್ಬರು ವೃದ್ಧರು. ಕಣ್ಣು ತಪ್ಪಿಸಲು ಜಾಗವಿರಲಿಲ್ಲ.

"ಆ ಪುಣ್ಯಾತ್ಮನಿಗೆ ಹೇಳಮ್ಮಾ," ಮಾವ ಕೂಗಿದರು, "ಕೋಣ ಓಡಿಸೋ ಹಾಗೆ ಎಳೀತಿದಾನೆ, ತಲೇಲಿ ಏನಾದ್ರೂ ಇದೆಯಾ ಅಂತ."

ನಾನು ತಿರುಗಿ ಕಿಂಡಿಯಲ್ಲಿ ಬಾಯಿಟ್ಟು ಡ್ರೈವರಿಗೆ, "ಚೆನ್ನಾಗಿ ಓಡಿಸ್ತಿದೀರಂತೆ, ಇನ್ನೊಂದ್ ಸ್ವಲ್ಪ ನಿಧಾನ ಆದ್ರೆ ಒಳ್ಳೇದಂತೆ" ಎಂದೆ.

"ಏನಂದ?" ಮಾವ ಕೇಳಿದರು. ಅವನು ಅಂದದ್ದು, "ಅಜ್ಜಂಗೆ ಅಷ್ಟು ಕಷ್ಟ ಆದ್ರೆ ಇಳಿದು ತಳ್ಳಲಿ" ಎಂದು.

"ಆಗ್ಲಿ ಸರ್ ಅಂದ್ರು, ಮಾವ" ಎಂದೆ.

ಸೋಗಾನೆಯ ವಿಮಾನ ನಿಲ್ದಾಣದ ಮುಂದೆ ಮೆರವಣಿಗೆ ನಿಂತಾಗ ಸಮಯ ಇನ್ನೂ ಉಳಿದಿತ್ತು. ಕಾವಲಿನವನು ಬಂದು ಶೂಟಿಂಗಾ ಎಂದು ಕೇಳಿದ. ಸೆಲ್ವರಾಜ್ ಇಳಿದು ಬಾಗಿಲನ್ನು ಮೆಲ್ಲಗೆ, ಆ ಹಳೆಯ ಬಾಗಿಲಿಗೆ ಬೇಕಾದ ಹಾಗೆ ಒಂದಿಷ್ಟು ಎತ್ತಿ ಮುಚ್ಚಿದರು. "ಇಷ್ಟು ವರ್ಷ ಈ ಎಂಜಿನ್ ಗಲಾಟೇಲಿ ನಿಮ್ಮ ಒಂದ್ ಮಾತೂ ಕೇಳಿಸ್ತಿರಲಿಲ್ಲ ಮೇಷ್ಟ್ರೇ. ಇವತ್ತು ಪೂರ್ತಿ ಕೇಳಿಸ್ತು." ನನ್ನ ಕಡೆ ತಿರುಗಿ, "ನಿನ್ ಉಪಕಾರ ಅಮ್ಮಾ" ಎಂದರು. ವ್ಯಂಗ್ಯವಿರಲಿಲ್ಲ ಎಂದು ನಾನು ನಂಬಿದ್ದೇನೆ. ಅವರು ಗಾಜಿನ ಬಾಗಿಲಿನಾಚೆ ಮರೆಯಾಗುವವರೆಗೂ ಮಾವ ಸ್ಟಿಯರಿಂಗ್ ಬಿಡಲಿಲ್ಲ.

ಪೆಟ್ಟಿಗೆಗಳು ಇಳಿದ ಮೇಲೆ ಆಟೋ ನಮ್ಮನ್ನು ಶಿವಮೊಗ್ಗದತ್ತ ಎಳೆಯಿತು. ಮಾವ ಖಾಲಿ ಸೀಟನ್ನು ತೋರಿಸಿ, "ಕೂತ್ಕೋ" ಎಂದರು. ಇನ್ನು ಮುಂದೆ ನಾವು ನೇರವಾಗಿಯೇ ಮಾತಾಡುವವರು ಎಂದುಕೊಂಡು ಕೂತೆ.

ನೇರವಾಗಿಯೇ ಮಾತಾಡಿದರು. ನಾನು ಗೇಟು ಹಾಕುವ ಸದ್ದು, ನನ್ನ ಉಪ್ಪಿಟ್ಟಿನ ಗಂಟುಗಳು, ನೀರಿನ ಮೋಟಾರು ಆಫ್ ಮಾಡಲು ಮರೆಯುವುದು, ಕೇಳುವ ಬದಲು ಅಳೆಯುವುದು. ಒಂದೊಂದೂ ನ್ಯಾಯವಾದದ್ದೇ, ಯಾವುದೂ ಅತ್ತೆಯ ಕೈಯಲ್ಲಿ ಹಾದು ಬಂದದ್ದಲ್ಲ. ಎಂಜಿನ್ ಸದ್ದಿಲ್ಲದ ಕಾರಣ ಒಂದಕ್ಷರವೂ ತಪ್ಪಿಹೋಗಲಿಲ್ಲ. ಡೈನಮೋ ರಿಪೇರಿಯಾದ ಮೇಲೆ ತಂತಿಗಳನ್ನು ತಾವೇ ಹಾಕುವುದಾಗಿ ಕೊನೆಗೆ ತಿಳಿಸಿದರು. ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಬಹುದಂತೆ. ಟಾರ್ಚಿನೊಳಗೆ ಸೆಲ್ ಹಾಕುವುದನ್ನು ಮಾತ್ರ ಬೇರೆ ಯಾರಿಗಾದರೂ ಹೇಳುತ್ತಾರಂತೆ.