ನೀರಿನ ಮಾತ್ರೆಯವರಿಗೆ, ಬೀಗರ ಮನೆ ಬಾತ್‌ರೂಮಿನ ವಿಚಾರವಾಗಿ

ಮಾನ್ಯ ನೀರಿನ ಮಾತ್ರೆಯವರೇ,

ತೊಣ್ಣೂರಿನ ಕರಿಯಪ್ಪ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಗಾತ್ರದಲ್ಲಿ ಹುರುಳಿಕಾಳಿಗಿಂತ ಕೊಂಚ ದೊಡ್ಡವರಷ್ಟೇ ಆದರೂ, ಮದುವೆಯಾದಾಗಿನಿಂದ ನನ್ನ ಒಂದು ಮಾತಿಗೂ ಎದ್ದು ನಿಲ್ಲದ ಬೆಟ್ಟಮ್ಮನನ್ನು ತಿಂಡಿಯ ಹೊತ್ತಿಗೆ ನಾಲ್ಕಾರು ಸಲ ಎಬ್ಬಿಸಿ ಓಡಿಸುವ ತಮ್ಮ ಅಧಿಕಾರ ಕಂಡು ನನಗೆ ಭಕ್ತಿಯೇ ಹುಟ್ಟಿದೆ.

ತಾವು ನಮ್ಮ ಮನೆಗೆ ದಯಮಾಡಿಸಿದ ಕಾರಣವನ್ನು ಡಾಕ್ಟರು ವಿವರಿಸಿದ್ದಾರೆ. ವಯಸ್ಸಾಗಿ ನನ್ನ ಹೆಂಡತಿಯ ಹೃದಯದ ಎಡಭಾಗ ಸೋತಿದೆಯಂತೆ, ಅದು ಮುಂದಕ್ಕೆ ತಳ್ಳಲಾರದ ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆಯಂತೆ, ಆ ಒತ್ತಡಕ್ಕೆ ಎದುರಾಗಿ ದುಡಿದೂ ದುಡಿದೂ ಬಲಭಾಗವೂ ಸುಸ್ತಾಗಿದೆಯಂತೆ. ಮುಂದಿನ ತೂಬು ಕಟ್ಟಿಕೊಂಡರೆ ಹಿಂದಿನ ಗದ್ದೆಯಲ್ಲೆಲ್ಲ ನೀರು ನಿಲ್ಲುವುದನ್ನು ನೋಡಿ ಬೆಳೆದವನಿಗೆ ಇದು ಅರ್ಥವಾಗದ ವಿಷಯವಲ್ಲ. ಮೈಯಲ್ಲಿ ನಿಂತ ನೀರನ್ನು ಇಳಿಸುವವರು ತಾವೇ, ಒಂದು ದಿನವೂ ತಪ್ಪಿಸಬಾರದು ಎಂದರು.

ನನ್ನ ದೂರು ಇಷ್ಟೇ. ತಮಗೆ ಬಸ್ಸಿನ ವೇಳೆ ಗೊತ್ತಿಲ್ಲ, ನೆಂಟಸ್ತಿಕೆಯ ಮರ್ಯಾದೆಯಂತೂ ಮೊದಲೇ ಗೊತ್ತಿಲ್ಲ. ಹೋದ ತಿಂಗಳು ಕೆ.ಆರ್. ಪೇಟೆಯಲ್ಲಿ ನೆಂಟರೊಬ್ಬರ ಮದುವೆಯ ಬೀಗರ ಊಟವಿತ್ತು. ದಾರಿಯಲ್ಲಿ ತಾವು ಕರೆದರೆ ಏನು ಗತಿಯೆಂದು ಹೆದರಿದ ಬೆಟ್ಟಮ್ಮ ತಮ್ಮನ್ನು ಸೆರಗಿನ ಗಂಟಿನಲ್ಲೇ ಕೂರಿಸಿ, ಉಪ್ಪು ಮುಂದಾದ ಬಾಡಿನ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡು ಬಂದಳು. ಆಮೇಲೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ದಿಂಬಿನ ಮೇಲೆ ದಿಂಬಿಟ್ಟು ಕೂತೇ ಇದ್ದವಳನ್ನು ಪಾಂಡವಪುರದಿಂದ ಮೈಸೂರಿಗೆ ಆಂಬುಲೆನ್ಸಿನಲ್ಲಿ ಕರೆದೊಯ್ದೆವು. ಇನ್ನೊಮ್ಮೆ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು. ನನಗೆ ಬಹಳ ಭಯವಾಯಿತು.

ಈ ಭಾನುವಾರ ನಾಗಮಂಗಲದಲ್ಲಿ ಮೊಮ್ಮಗಳು ಅರ್ಪಿತಳ ಮಾವ ಚಲುವರಾಜು ಅವರ ಹೊಸ ಮನೆಯ ಗೃಹಪ್ರವೇಶ. ಪ್ರಯಾಣದ ದಿನ ಮಾತ್ರೆಯನ್ನು ಊರು ತಲುಪಿದ ಮೇಲೆ ನುಂಗಬಹುದು, ಬಿಡುವಂತಿಲ್ಲ ಎಂದು ಡಾಕ್ಟರು ಕೃಪೆ ತೋರಿದ್ದಾರೆ. ಬೆಟ್ಟಮ್ಮ ಒಪ್ಪಬೇಕಲ್ಲ. "ಬೀಗ್ರು ಮನೇಲಿ ಗಳಿಗ್ಗೊಂದ್ಸಲ ಬಾತ್‌ರೂಮು ಎಲ್ಲೈತೆ ಅಂತ ಕೇಳ್ಕಂಡು ತಿರುಗ್ಲಾ? ಒಂದಿನ ಬುಟ್ರೆ ಸತ್ತೋಗಾಕಿಲ್ಲ, ಸುಮ್ಕಿರಿ" ಎನ್ನುತ್ತಾಳೆ.

ಆದಕಾರಣ ಅಂದಿನ ಮಟ್ಟಿಗೆ ತಾವು ನನ್ನ ಹೊಟ್ಟೆಗೆ ಇಳಿದು, ಅವಳ ಮೈಯ ನೀರನ್ನು ನನ್ನ ಮೂಲಕ ಇಳಿಸಿಕೊಡಬೇಕಾಗಿ ವಿನಂತಿ. ನಾನು ನಾಚಿಕೆಗೆಟ್ಟವನು, ಯಾರ ಮನೆಯಲ್ಲಿ ಬೇಕಾದರೂ ಕೇಳುತ್ತೇನೆ.

ಇದು ತಮ್ಮ ಕೈಲಾಗದು, ತಮಗೆ ಓದಲೂ ಬಾರದು ಎಂಬುದನ್ನು ಬಲ್ಲೆ. ಆದರೆ ಚಲುವರಾಜು ಅವರು ಈ ಪತ್ರ ಅಚ್ಚಾಗುವ ನಮ್ಮ ಜಿಲ್ಲಾ ಪತ್ರಿಕೆಯ ಕೊನೆಯ ಪುಟ ಮುಗಿಸದೆ ತಿಂಡಿಗೆ ಕೂರುವವರಲ್ಲವಂತೆ. ಪತ್ರವನ್ನು ಬಹಿರಂಗವಾಗಿ ಬರೆದದ್ದು ಅದಕ್ಕೇ. ಹೊಸ ಮನೆಯಲ್ಲಿ ಮೂರು ಬಾತ್‌ರೂಮು ಕಟ್ಟಿಸಿದ್ದಾರೆಂದು ಕೇಳಿದ್ದೇನೆ. ಅರಿಶಿನ ಕುಂಕುಮಕ್ಕೂ ಮುಂಚೆ ಯಾರಾದರೂ ಅವಳ ಕೈಹಿಡಿದು ಅದರಲ್ಲೊಂದನ್ನು ತೋರಿಸಿಬಿಟ್ಟರೆ ಕೇಳುವ ಪ್ರಸಂಗವೇ ಬರುವುದಿಲ್ಲ.

ದಿನವೂ ನೀರಿನ ಲೋಟ ಹಿಡಿದು ತಮ್ಮ ಸೇವೆಗೆ ನಿಲ್ಲುವ,
ತಮ್ಮ ವಿಶ್ವಾಸಿ,
ಕರಿಯಪ್ಪ

ತಾ.ಕ.: ಬೀಗರೊಬ್ಬರಿಗೆ ತಿಳಿಯಬಾರದೆಂದು ಅವಳು ಮುಚ್ಚಿಟ್ಟದ್ದು ಈಗ ಜಿಲ್ಲೆಗೆಲ್ಲ ತಿಳಿದಿರುವುದರಿಂದ, ತಮ್ಮನ್ನು ನುಂಗದೆ ಅವಳಿಗೆ ಬೇರೆ ವಿಧಿಯಿಲ್ಲ. ಇದನ್ನು ಓದಿದ ಮೇಲೆ ನನ್ನ ಗತಿ ಏನಾಗುವುದೆಂದು ತಾವು ಚಿಂತಿಸಬೇಕಿಲ್ಲ. ಅವಳಿಗೆ ನನ್ನನ್ನು ಬೈಯುವಷ್ಟು ಉಸಿರು ಉಳಿದರೆ ನನಗೆ ಅಷ್ಟು ಸಾಕು.